ಚಿಕ್ಕ ಫೈಲ್ ಬರುತ್ತೆ, ದೊಡ್ಡದು ಬರಲ್ಲ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಪುಟ್ಟ ಆಫೀಸು. ಫೈಲ್ ಸರ್ವರ್ ಲಿನಕ್ಸ್. ಫೈಲೆಲ್ಲ ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ವ್ಯವಸ್ಥೆ) ಹಂಚಿಕೆ. ಲಿನಕ್ಸ್ ಡೆಸ್ಕ್‌ಟಾಪ್‌ಗಳು ಚೆನ್ನಾಗಿಯೇ ಓಡುತ್ತಿದ್ದವು. ಒಂದೇ ಒಂದು ಫ್ರೀಬಿಎಸ್‌ಡಿ (ಲಿನಕ್ಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಮಷೀನು ಮಾತ್ರ ಆಗಾಗ ಕೈಕೊಡುತ್ತಿತ್ತು. ಲಾಗ್‌ನಲ್ಲಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ‘ಈಸ್ ಅಲೈವ್ ಅಗೇನ್’! ಸತ್ತವರು ಎದ್ದು ಬಂದ ಹಾಗೆ.

"ಆ ಬಿಎಸ್‌ಡಿ ತೆಗೆದುಹಾಕಿ ಸಾರ್" ಅಂದರು ಎಲ್ಲರೂ. ನಾನೂ ಅದನ್ನೇ ಬೈದೆ. ಮೂರು ದಿನ ಸುಮ್ನೆ ಎನ್‌ಎಫ್‌ಎಸ್‌ನ ವರ್ಷನ್ 3, ವರ್ಷನ್ 4 ಅಂತ ಬದಲಿಸಿ ನೋಡಿದೆ. ಆಮೇಲೆ ಒಂದು ದಡ್ಡ ಕೆಲಸ ಮಾಡಿದೆ: ಹಾರ್ಡ್ ಮೌಂಟ್ ತೆಗೆದು ಸಾಫ್ಟ್ ಮಾಡಿದೆ. ಮೌಂಟ್ ಅಂದರೆ ಸರ್ವರ್‌ನ ಫೋಲ್ಡರನ್ನು ನಮ್ಮ ಮಷೀನಿಗೆ ಜೋಡಿಸೋದು. ಹಾರ್ಡ್ ಆದರೆ ಸರ್ವರ್ ಉತ್ತರ ಕೊಡೋವರೆಗೂ ಕಾಯುತ್ತೆ. ಸಾಫ್ಟ್ ಆದರೆ ಒಂದಷ್ಟು ಸಲ ನೋಡಿ ಕೈಚೆಲ್ಲಿ, ಎರರ್ ಕೊಡುತ್ತೆ. ನಮ್ಮ ಸ್ಕ್ರಿಪ್ಟ್ ಆ ಎರರ್ ನೋಡುತ್ತಲೇ ಇರಲಿಲ್ಲ. ಒಂದು ಬ್ಯಾಕಪ್ ಅರ್ಧಕ್ಕೇ ಬರೆದು ನಿಂತಿತ್ತು.

ಸುಳಿವು ಸಿಕ್ಕಿದ್ದು ಒಂದು ಫೋಲ್ಡರ್‌ನಿಂದ. ನಾಲ್ಕು ಫೈಲ್ ಇರುವ ಫೋಲ್ಡರ್ ತೆರೆಯುತ್ತಿತ್ತು, ನೂರಾರು ಇರುವುದು ತೆರೆಯದೆ ಹಾಗೇ ನಿಂತುಬಿಡುತ್ತಿತ್ತು. ಪಿಂಗ್ (ಆ ಕಡೆಯ ಮಷೀನು ಉತ್ತರ ಕೊಡುತ್ತಾ ಅಂತ ನೋಡುವ ಪುಟ್ಟ ಸಂದೇಶ) ಸರಿಯಾಗಿಯೇ ಹೋಗುತ್ತಿತ್ತು. ಮಾಮೂಲಿ ಪಿಂಗ್‌ನಲ್ಲಿರುವ ಡೇಟಾ ಬರೀ 56 ಬೈಟ್ ಅಲ್ವಾ. ಈ ಸಲ ತುಂಡು ಮಾಡಬೇಡ ಅಂತ ಹೇಳಿ 8972 ಬೈಟ್ ಕಳಿಸಿದೆ. ಹೆಡರ್‌ನ 28 ಸೇರಿ ಸರಿಯಾಗಿ 9000. ಒಂದೂ ವಾಪಸ್ ಬರಲಿಲ್ಲ.

ಸರ್ವರ್‌ಗೂ ಬಿಎಸ್‌ಡಿಗೂ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ, 9000 ಬೈಟ್ ಇಟ್ಟಿದ್ದು ನಾನೇ. ಡೆಸ್ಕ್‌ಟಾಪ್‌ಗಳಲ್ಲಿ 1500. ಎನ್‌ಎಫ್‌ಎಸ್ ಡೇಟಾ ಸಾಗಿಸುವ ಟಿಸಿಪಿಯಲ್ಲಿ ಎರಡೂ ತುದಿಯವರು ಶುರುವಿನಲ್ಲೇ ತಮ್ಮ ತಮ್ಮ ಅಳತೆ ಹೇಳುತ್ತಾರೆ, ಚಿಕ್ಕದೇ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಡೆಸ್ಕ್‌ಟಾಪ್‌ಗಳು ಬಚಾವ್. ನಡುವಿನ ಸ್ವಿಚ್‌ನ (ನೆಟ್‌ವರ್ಕ್ ಕೇಬಲ್‌ಗಳನ್ನು ಜೋಡಿಸುವ ಡಬ್ಬಿ) ಮಾತ್ರ ಯಾರೂ ಕೇಳಲ್ಲ. ಅದಕ್ಕೆ ಹಿಡಿಸದ ಪ್ಯಾಕೆಟ್ಟನ್ನು ಅದು ಸದ್ದಿಲ್ಲದೆ ಬಿಸಾಡುತ್ತೆ, ದೂರು ಕೂಡ ಹೇಳಲ್ಲ.

ಕೇಬಲ್ ಹಿಡಿದು ಹೋದರೆ ಮೇಜಿನ ಕೆಳಗೆ ಒಂದು ಐದು ಪೋರ್ಟಿನ ಸ್ವಿಚ್ ಡಬ್ಬಿ. "ಅದು ನಾನೇ ಹಾಕಿದ್ದು ಸಾರ್, ಮೊನ್ನೆ ಸಿಡಿಲಿಗೆ ಹಳೇದು ಸುಟ್ಟೋಯ್ತಲ್ಲ" ಅಂದ ನಮ್ಮ ಎಲೆಕ್ಟ್ರಿಷಿಯನ್ ಹುಡುಗ. ಅವನದೇನು ತಪ್ಪು? ಲೈಟ್ ಹತ್ತಿತು, ನೆಟ್ ಬಂತು.

ಬಿಎಸ್‌ಡಿಯನ್ನು 1500ಕ್ಕೆ ಇಳಿಸಿದೆ, ಮೌಂಟ್ ವಾಪಸ್ ಹಾರ್ಡ್ ಮಾಡಿದೆ. ಆ ಡಬ್ಬಿಯ ಮೇಲೆ ಈಗ ಮಾರ್ಕರ್‌ನಲ್ಲಿ ‘1500 ಮಾತ್ರ’ ಅಂತ ಬರೆದಿದೆ.