‘ನನ್ನ ಸಮಸ್ಯೆಗೆ ಒಂದು ವಚನ ಹೇಳಿ’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಎಲ್ಲೇ ಸತ್ಯವೇದದ ಪಾಠ ನಡೆಯಲಿ, ಮುಗಿದ ಮೇಲೆ ಯಾರಾದರೂ ಬಂದು ಕೇಳುವ ಪ್ರಶ್ನೆ ಇದು: ‘ಬಾಮೈದ ಸಾಲಕ್ಕೆ ಜಾಮೀನು ಹಾಕು ಅಂತಿದ್ದಾನೆ, ಇದಕ್ಕೆ ಬೈಬಲಿನಲ್ಲಿ ಯಾವ ವಚನ ಇದೆ?’ ಜಾಮೀನಿನ ಜಾಗದಲ್ಲಿ ಶುಂಠಿ ಬೆಳೆ, ಬೆಂಗಳೂರಿನ ಕೆಲಸ, ಮಗಳ ಮದುವೆ, ನಿದ್ರೆ ಬಾರದ ರಾತ್ರಿ, ಏನು ಬೇಕಾದರೂ ಇರಬಹುದು. ಕೇಳುವವರಿಗೆ ಬೇಕಾಗಿರುವುದು ಮಾತ್ರ ಒಂದೇ: ಒಂದು ವಚನ, ಈಗಲೇ.

ವಚನ ಕೊಡುವುದು ಸುಲಭ. ಆದರೆ ಒಂಟಿ ವಚನ ಹಿಡಿದು ತೀರ್ಮಾನ ಮಾಡುವುದು ಪಹಣಿಯಲ್ಲಿ 9ನೇ ಕಾಲಂ ಮಾತ್ರ ನೋಡಿ ಜಮೀನು ಕೊಂಡ ಹಾಗೆ. ಮಾಲೀಕರ ಹೆಸರು ಅಲ್ಲಿ ಸರಿಯಾಗಿಯೇ ಇರುತ್ತದೆ. ಋಣ ಇರುವುದು 11ನೇ ಕಾಲಮಿನಲ್ಲಿ. ಮತ್ತಾಯ 4ನೇ ಅಧ್ಯಾಯದಲ್ಲಿ ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಕ್ಕೆ ದುಮುಕು, ದೇವದೂತರು ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಎಂದು ಹೇಳುವುದು ಕೂಡ ವಚನವೇ, 91ನೇ ಕೀರ್ತನೆಯದು. ಯೇಸು ಆ ವಚನ ಸುಳ್ಳು ಎನ್ನಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂಬ ಧರ್ಮೋಪದೇಶಕಾಂಡ 6:16ರ ಮಾತನ್ನು ಅದರ ಪಕ್ಕಕ್ಕಿಟ್ಟನು. ಒಂದು ವಚನವನ್ನು ಇನ್ನೊಂದರ ಜೊತೆ ಇಟ್ಟು ಓದುವುದನ್ನು ನಮಗೆ ಕಲಿಸಿದವನು ಅವನೇ.

ಅಧ್ಯಾಯ, ವಚನಗಳ ಅಂಕಿಗಳು ಮೂಲ ಬರಹದಲ್ಲಿ ಇರಲಿಲ್ಲ ಎಂಬುದೂ ನೆನಪಿರಲಿ. ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆಗಳನ್ನು ಹಾಕಿ ಅಚ್ಚು ಮಾಡಿದ್ದು 1551ರಲ್ಲಿ, ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ. ಹುಡುಕಲು ಅನುಕೂಲವಾಗಲಿ ಎಂದು ಹಾಕಿದ ಅಂಕಿಗಳು ಅವು. ಅಪೊಸ್ತಲ ಪೌಲನ ಪತ್ರ ಫಿಲಿಪ್ಪಿ ಊರಿನ ಸಭೆಗೆ ಅಂಕಿಗಳಿಲ್ಲದ ಪತ್ರವಾಗಿಯೇ ಬಂದಿತ್ತು.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಕಾರ್ಡು ತೆಗೆಯುವ ವಾಡಿಕೆ ನಮ್ಮ ಅನೇಕ ಸಭೆಗಳಲ್ಲಿದೆ. ಆ ಕಾರ್ಡುಗಳಲ್ಲಿ ಯೆರೆಮೀಯ 29:11 ತಪ್ಪದೆ ಇರುತ್ತದೆ: ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆ ಹಿತದ್ದೇ ಹೊರತು ಅಹಿತದ್ದಲ್ಲ ಎಂಬ ಮಾತು. ಕಾರ್ಡು ಸಿಕ್ಕವರು ಈ ವರ್ಷ ಕೆಲಸ ಸಿಗುತ್ತದೆ, ಕೇಸು ಗೆಲ್ಲುತ್ತದೆ ಎಂದು ತಿಳಿಯುತ್ತಾರೆ. ಮಾರ್ಚಿನಲ್ಲಿ ಕೇಸು ಬಿದ್ದುಹೋದರೆ ದೇವರ ಮೇಲೇ ಮುನಿಸು. ಹಿಂದಿನ ವಚನ, 29:10, ಆ ಹಿತ ಬರುವುದು 70 ವರ್ಷ ಕಳೆದ ಮೇಲೆ ಎನ್ನುತ್ತದೆ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಜನರಿಗೆ ಹೇಳಿರುತ್ತಾನೆ, ಅವನನ್ನೇ ಯೆರೆಮೀಯ ಸುಳ್ಳುಗಾರ ಎನ್ನುವುದು. 29ನೇ ಅಧ್ಯಾಯ ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರ, ಅದು ಅವರಿಗೆ ಹೇಳುವ ಕೆಲಸ 5ರಿಂದ 7ನೇ ವಚನದಲ್ಲಿದೆ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಯಾಗಿ ಹೋದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಮನೆ ಬಿಟ್ಟು ಬೆಂಗಳೂರಿನ ಪೀಜಿಯಲ್ಲಿ ಬೇಸರಪಡುತ್ತಿರುವ ಹುಡುಗನಿಗೆ 11ನೇ ವಚನಕ್ಕಿಂತ ಈ ಮೂರು ವಚನ ಹೆಚ್ಚು ಆಸರೆ ಕೊಡುತ್ತವೆ ಎಂಬುದು ನನ್ನ ನಂಬಿಕೆ.

ಇನ್ನು ಚಿಂತೆಯ ವಿಷಯ. ನಾಳೆಯ ಚಿಂತೆ ಬೇಡ ಎಂದು ಮತ್ತಾಯ 6ರಲ್ಲಿ ಇದೆಯಲ್ಲ, ಹಾಗಾದರೆ ಬೆಳೆ ವಿಮೆ ಕಟ್ಟುವುದು ನಂಬಿಕೆಯ ಕೊರತೆಯೇ ಎಂದು ಪ್ರಾಮಾಣಿಕವಾಗಿ ಕೇಳುವವರಿದ್ದಾರೆ. ಅಲ್ಲ. ಚಿಂತೆಯ ಭಾಗ ಶುರುವಾಗುವುದು 25ನೇ ವಚನದ ‘ಆದ್ದರಿಂದ’ ಎಂಬ ಮಾತಿನಿಂದ, ಆ ಮಾತು 24ಕ್ಕೆ ಕಟ್ಟಿಕೊಂಡಿದೆ: ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾಗದು. ಯೇಸು ಅಲ್ಲಿ ಬಿಡಿಸುತ್ತಿರುವುದು ದುಡ್ಡಿನ ದಾಸ್ಯದಿಂದ. ಮುಂದಾಲೋಚನೆ ಬೇಡ ಎಂದಿದ್ದರೆ ಆದಿಕಾಂಡ 41ರ ಯೋಸೇಫನೇ ತಪ್ಪಿತಸ್ಥನಾಗಬೇಕಿತ್ತು. ಸಮೃದ್ಧಿಯ ಏಳು ವರ್ಷ ಬೆಳೆಯ ಐದರಲ್ಲೊಂದು ಪಾಲನ್ನು ಎತ್ತಿಡಿಸಿದವನು ಅವನು. ನಮ್ಮ ಕಡೆಯ ಸಣ್ಣ ಬೆಳೆಗಾರರಿಗೆ ಈ ಐದನೇ ಒಂದು ಲೆಕ್ಕವನ್ನೇ ಹೇಳಬಹುದು: ಕಾಫಿಗೂ ಮೆಣಸಿಗೂ ರೇಟು ಚೆನ್ನಾಗಿ ಸಿಕ್ಕ ವರ್ಷ ಬಂದ ಹಣದಲ್ಲಿ ಐದರಲ್ಲೊಂದನ್ನು ಮುಟ್ಟದೆ ಇಡಿ.

ಚಿಂತೆಗೆ ಮಾಡಬಹುದಾದ ಕೆಲಸ ಫಿಲಿಪ್ಪಿ 4:6ರಿಂದ 8ರಲ್ಲಿದೆ. ಪೌಲ ಬೇಡಿಯಲ್ಲಿದ್ದುಕೊಂಡು ಬರೆದದ್ದು. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ, ನಾಳೆ ಸಂಜೆಯೊಳಗೆ ನಿಮ್ಮ ಕೈಯಿಂದ ಆಗುವುದು. ಬಲಕ್ಕೆ, ಆಗದ್ದು. ಫೆಬ್ರುವರಿ-ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಂದೀತೇ ಎಂಬುದು ಬಲಕ್ಕೆ. ರೊಬಸ್ಟಾ ಕಾಫಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪೈಪು ಸೋರುತ್ತಿದೆಯೇ, ಕೆರೆಯಲ್ಲಿ ಎಷ್ಟು ನೀರಿದೆ ಎಂಬುದು ಎಡಕ್ಕೆ. ಬಲಗಡೆಯ ಪಟ್ಟಿಯನ್ನು ಹಾಗೆಯೇ ಪ್ರಾರ್ಥನೆ ಮಾಡಿ, ಒಂದೊಂದರ ಹೆಸರು ಹಿಡಿದು, ಈವರೆಗೆ ಸಿಕ್ಕಿದ್ದಕ್ಕೆ ಕೃತಜ್ಞತೆಯನ್ನೂ ಸೇರಿಸಿ, ಏಕೆಂದರೆ 6ನೇ ವಚನ ಅದನ್ನು ಬಿಟ್ಟಿಲ್ಲ. 8ನೇ ವಚನದಲ್ಲಿ ಸತ್ಯವಾದದ್ದನ್ನು ಲಕ್ಷ್ಯಕ್ಕೆ ತಂದುಕೊಳ್ಳಿ ಎಂದಿದೆ. ಸಾಲ ಎಷ್ಟಿದೆ ಎಂದು ಸರಿಯಾಗಿ ಗೊತ್ತಿಲ್ಲದೆಯೇ ನಿದ್ದೆಗೆಡುವವರು ಬಹಳ. ಪಾಸ್‌ಬುಕ್ಕು ತೆರೆದು ನಿಜವಾದ ಅಂಕಿ ಬರೆಯುವುದು ಈ ವಚನವನ್ನು ಪಾಲಿಸಿದಂತೆಯೇ.

ವಾರಗಟ್ಟಲೆ ನಿದ್ದೆ ಊಟ ಬಿಟ್ಟುಹೋಗಿ, ಬದುಕೇ ಬೇಡ ಅನ್ನಿಸುತ್ತಿದ್ದರೆ ಹಾಳೆಯ ಕೆಲಸ ಸಾಲದು. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಸಾಯಬೇಕೆಂದು ಬೇಡಿಕೊಂಡು ಗಿಡದ ಕೆಳಗೆ ಮಲಗಿದಾಗ ದೇವದೂತ ಅವನಿಗೆ ಬೋಧನೆ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟನು. ದೇವರ ಮಾತು ಬಂದದ್ದು ಆಮೇಲೆ. ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆಯಾಯಿತು ಎನ್ನುವವರ ಮಾತನ್ನು ದಯವಿಟ್ಟು ಕೇಳಬೇಡಿ. ಪೌಲನ ಜೊತೆಗಿದ್ದ ಲೂಕ ವೈದ್ಯನೇ.

ಈಗ ಜಾಮೀನಿಗೆ ಬರೋಣ. ನಮ್ಮ ಎರಡೂ ಜಿಲ್ಲೆಗಳಲ್ಲಿ ಮನೆ ಮುರಿದಿರುವ ವಿಷಯ ಇದು, ಹಾಗಾಗಿ ವಿವರವಾಗಿಯೇ ಹೇಳಬೇಕು.

ಫೋನಿನ ಬೈಬಲ್ ಆ್ಯಪ್‌ನಲ್ಲಿ ‘ಜಾಮೀನು’ ಎಂದು ಹುಡುಕಿ ಸಿಗದಿದ್ದರೆ ‘ಹೊಣೆ’ ಎಂದು ಹುಡುಕಿ. ಜ್ಞಾನೋಕ್ತಿಗಳಲ್ಲಿ 6:1-5, 11:15, 17:18, 20:16, 22:26-27, 27:13, ಇಷ್ಟು ಕಡೆ ಎಚ್ಚರಿಕೆ ಇದೆ. ಇಲ್ಲಿಗೇ ನಿಲ್ಲಿಸಿದರೆ ಉತ್ತರ ‘ಖಂಡಿತ ಬೇಡ’. ಆದರೆ ಆದಿಕಾಂಡ 43:9ರಲ್ಲಿ ಯೂದನು ತಮ್ಮನಾದ ಬೆನ್ಯಾಮೀನನಿಗೆ ಹೊಣೆ ನಿಲ್ಲುತ್ತಾನೆ. ಪೌಲನು ಫಿಲೆಮೋನನಿಗೆ, ನಿನ್ನ ದಾಸ ಒನೇಸಿಮನು ನಿನಗೆ ಏನಾದರೂ ಕೊಡಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ಇವರಿಬ್ಬರೂ ತಪ್ಪು ಮಾಡಿದರೇ? ಯೂದನು 44:33ರಲ್ಲಿ ತಮ್ಮನ ಬದಲು ತಾನೇ ದಾಸನಾಗಿರುತ್ತೇನೆ ಎಂದು ನಿಂತನು. ಇಬ್ಬರೂ ತಾವೇ ಪೂರ್ತಿ ತೆರಲು ಸಿದ್ಧರಾಗಿ ಹೊಣೆ ಹೊತ್ತವರು. ಜ್ಞಾನೋಕ್ತಿ 22:27 ಕೇಳುವುದು ಇದನ್ನೇ: ತೀರಿಸಲು ನಿನ್ನಲ್ಲಿ ಇಲ್ಲದೆ ಹೋದರೆ, ನೀನು ಮಲಗಿರುವ ಹಾಸಿಗೆಯನ್ನೇ ಎಳೆದುಕೊಂಡು ಹೋಗುವಂತೆ ಏಕೆ ಮಾಡಿಕೊಳ್ಳುತ್ತೀ?

ಹಾಗಾಗಿ ಲೆಕ್ಕ ಹೀಗೆ ಹಾಕಿ. ಸಾಲ 5 ಲಕ್ಷ, ಬಡ್ಡಿ ಶೇ. 12, ಅವಧಿ 5 ವರ್ಷ ಎಂದರೆ ತಿಂಗಳ ಕಂತು ಸುಮಾರು 11,100 ರೂಪಾಯಿ. ಒಟ್ಟು 6 ಲಕ್ಷ 67 ಸಾವಿರ. 60 ತಿಂಗಳು ಈ ಹಣವನ್ನು ಜಮೀನು ಮಾರದೆ, ಮಕ್ಕಳ ಫೀಸು ನಿಲ್ಲಿಸದೆ, ಸಾಲಗಾರನನ್ನು ದ್ವೇಷಿಸದೆ ಕಟ್ಟಲು ನಿಮ್ಮಿಂದ ಆಗುತ್ತದೆಯೇ? ಗಂಡ ಹೆಂಡತಿ ಇಬ್ಬರೂ ಕೂತು ಹೌದು ಅಂದರೆ ಸಹಿ ಮಾಡಿ. ಇಲ್ಲವಾದರೆ, ‘ತಮ್ಮಾ, ಜಾಮೀನು ನನ್ನಿಂದ ಆಗಲ್ಲ. ಈ 20 ಸಾವಿರ ತಗೋ, ವಾಪಸ್ ಕೊಡೋದು ಬೇಡ’ ಎಂದು ಹೇಳಿ. ಮರಳಿ ಬರುತ್ತದೆಂದು ನಿರೀಕ್ಷಿಸದೆ ಕೊಡಿರಿ ಎಂಬ ಲೂಕ 6:35 ಅಲ್ಲಿ ಕೆಲಸಕ್ಕೆ ಬರುತ್ತದೆ, ಸಂಬಂಧವೂ ಉಳಿಯುತ್ತದೆ.

‘ಬರೀ ಒಂದ್ ಸಹಿ ಅಷ್ಟೇ ಅಣ್ಣ’ ಎಂಬ ಮಾತಿನಲ್ಲಿ ಅಡಗಿರುವ ತಪ್ಪು ತಿಳುವಳಿಕೆ ಒಂದಿದೆ. ಬ್ಯಾಂಕು ಮೊದಲು ಸಾಲಗಾರನ ಆಸ್ತಿ ಮುಟ್ಟಿ, ಅಲ್ಲಿ ಸಾಲದೆ ಹೋದರೆ ಮಾತ್ರ ಜಾಮೀನುದಾರನ ಬಳಿ ಬರುತ್ತದೆ ಎಂದು ಜನ ತಿಳಿದಿದ್ದಾರೆ. 1872ರ ಭಾರತೀಯ ಕರಾರು ಕಾಯಿದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಹಾಗಾಗಿ ಸಾಲಗಾರನ ಆಸ್ತಿಗೆ ಕಾಯದೆ ನೋಟಿಸು ಇಬ್ಬರಿಗೂ ಬರಬಹುದು, ಸಾಲ ಕೊಡುವವರು ನೋಡುವ ನಿಮ್ಮ ಸಿಬಿಲ್ ಸ್ಕೋರೂ ಕೆಡಬಹುದು. ಸಂಘದ ಗುಂಪು ಸಾಲದಲ್ಲೂ ಇದೇ ಕಥೆ: ಒಬ್ಬಾಕೆ ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಆದ್ದರಿಂದ ಗುಂಪಿಗೆ ಸೇರುವ ಮೊದಲು ಉಳಿದವರ ಕಂತನ್ನೂ ಒಂದಷ್ಟು ವಾರ ಹೊರಲು ಆಗುತ್ತದೆಯೇ ಎಂದು ನೋಡಿ.

ಸಹಿ ಆಗಿಹೋಗಿದ್ದರೆ? ಜ್ಞಾನೋಕ್ತಿ 6:3-5 ಅಂಥವರಿಗೇ ಬರೆದದ್ದು. ಮಾನ ಮರ್ಯಾದೆ ನೋಡದೆ ಹೋಗು, ನೆರೆಯವನನ್ನು ಕಾಡಿ ಬೇಡು, ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೋ ಎನ್ನುತ್ತದೆ. ಇವತ್ತಿನ ಮಟ್ಟಿಗೆ ಅದರ ಅರ್ಥ: ಜಾಮೀನು ಪತ್ರದ ಪ್ರತಿ ಪಡೆಯಿರಿ. ಮೂರು ತಿಂಗಳಿಗೊಮ್ಮೆ ಸಾಲದ ಸ್ಟೇಟ್‌ಮೆಂಟ್ ಕೇಳಿ. ನಿಮ್ಮನ್ನು ಕೇಳದೆ ಸಾಲದ ಷರತ್ತು ಬದಲಾಗಿದ್ದರೆ ಸೆಕ್ಷನ್ 133, ಓವರ್‌ಡ್ರಾಫ್ಟ್‌ನಂಥ (ಓ.ಡಿ.) ಮುಂದುವರಿಯುವ ಸಾಲವಾಗಿದ್ದರೆ ಸೆಕ್ಷನ್ 130 ನಿಮಗೆ ಅನ್ವಯಿಸುತ್ತದೆಯೇ ಎಂದು ವಕೀಲರಿಂದ ತಿಳಿಯಿರಿ. ಅನೇಕ ಪತ್ರಗಳಲ್ಲಿ ಈ ಹಕ್ಕುಗಳನ್ನು ಮೊದಲೇ ಬಿಟ್ಟುಕೊಡಿಸಿರುತ್ತಾರೆ. ನೀವೇ ಕಟ್ಟಬೇಕಾಗಿ ಬಂದರೆ ಪ್ರತಿ ರಸೀದಿ ಇಟ್ಟುಕೊಳ್ಳಿ. ಪೂರ್ತಿ ಕಟ್ಟಿದ ಮೇಲೆ ಸಾಲ ಕೊಟ್ಟವರಿಗಿದ್ದ ಹಕ್ಕು ಸೆಕ್ಷನ್ 140ರಂತೆ ನಿಮಗೆ ಬರುತ್ತದೆ.

ಶುಂಠಿಯ ಪ್ರಶ್ನೆಗೆ ಲೂಕ 14:28 ಸಾಕು: ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ? ಅದು ಯೇಸುವಿನ ಶಿಷ್ಯರಾಗುವುದರ ಬಗ್ಗೆ ಹೇಳಿದ ಮಾತು, ಬೇಸಾಯದ ಪಾಠ ಅಲ್ಲ. ಆದರೂ ಲೆಕ್ಕ ಹಾಕುವುದು ವಿವೇಕ ಎಂದು ಅವನು ಒಪ್ಪಿಕೊಂಡೇ ಮಾತಾಡುತ್ತಿದ್ದಾನೆ. ಬಿತ್ತನೆ ಗೆಡ್ಡೆ, ಗೊಬ್ಬರ, ಕೂಲಿ, ಜಮೀನಿನ ಗುತ್ತಿಗೆ ಎಲ್ಲ ಬರೆದು, 60 ಕೆಜಿ ಚೀಲಕ್ಕೆ ಕಳೆದ ಕೆಲವು ವರ್ಷಗಳಲ್ಲಿ ಸಿಕ್ಕ ಅತಿ ಕಡಿಮೆ ರೇಟಿನಲ್ಲಿ, ಕೊಳೆರೋಗಕ್ಕೆ ಅರ್ಧ ಹೋಯಿತೆಂದುಕೊಂಡು ಗುಣಿಸಿ. ಆಗಲೂ ಸಾಲ ತೀರುವಂತಿದ್ದರೆ ಬೆಳೆಯಿರಿ. ಸಂಕೇತ ಕೊಡು ದೇವರೇ ಎಂದು ಗಿದ್ಯೋನನ ಹಾಗೆ ಉಣ್ಣೆ ಹಾಸಿ ಕಾಯುವ ಅಗತ್ಯವಿಲ್ಲ.

ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ: ತೋಟದ ಕೆಲಸದವರ ಬಟವಾಡೆ. ಇದರ ಬಗ್ಗೆ ಶಾಸ್ತ್ರ ಬಹಳ ಸ್ಪಷ್ಟ. ಧರ್ಮೋಪದೇಶಕಾಂಡ 24:14-15 ಸ್ವಜನರಾಗಲಿ, ಹೊರಗಿನಿಂದ ಬಂದವರಾಗಲಿ, ಬಡ ಕೂಲಿಯವನಿಗೆ ಹೊತ್ತು ಮುಳುಗುವ ಮೊದಲೇ ಕೂಲಿ ಕೊಡು ಎನ್ನುತ್ತದೆ. ಯಾಕೋಬ 5:4 ತಡೆಹಿಡಿದ ಕೂಲಿಯೇ ಕೂಗುತ್ತಿದೆ ಎನ್ನುತ್ತದೆ. ಕಾಫಿ ಕುಯ್ಲಿಗೆ ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದು ತೋಟದ ಲೈನ್‌ಮನೆಯಲ್ಲಿ (ಕೆಲಸಗಾರರ ಸಾಲುಮನೆ) ಇರುವವರ ಹಣವನ್ನು, ಬಿಟ್ಟುಹೋದಾರು ಎಂದು ಕುಯ್ಲು ಮುಗಿಯುವವರೆಗೆ ಹಿಡಿದಿಡುವ ಪದ್ಧತಿ ಇದಕ್ಕೆ ನೇರ ವಿರುದ್ಧ. ಅದೇ ಹೊತ್ತಿನಲ್ಲಿ ಯಾಜಕಕಾಂಡ 19:9-10, ಹೊಲದ ಮೂಲೆಯನ್ನು ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡು ಎನ್ನುವುದನ್ನು ಕಾಫಿಯಲ್ಲಿ ಅಕ್ಷರಶಃ ಮಾಡಲಾಗದು. ಗಿಡದಲ್ಲೂ ನೆಲದಲ್ಲೂ ಕಾಯಿ ಉಳಿದರೆ ಕಾಯಿಕೊರಕ ಹುಳು ಅದರಲ್ಲೇ ಉಳಿದು ಮುಂದಿನ ಬೆಳೆಗೆ ಏರುತ್ತದೆ, ಪಕ್ಕದ ತೋಟಕ್ಕೂ ನಷ್ಟ. ಆ ಕಟ್ಟಳೆಯ ಉದ್ದೇಶ ನೆಲವಿಲ್ಲದವನಿಗೂ ಬೆಳೆಯಲ್ಲಿ ಪಾಲು ಸಿಗುವುದು. ಹಾಗಾಗಿ ಉದುರಿದ ಕಾಯಿಯನ್ನೆಲ್ಲ ಆರಿಸಿ ತೆಗೆಸಿ, ಅದನ್ನು ಬೇರೆಯಾಗಿ ತೂಗಿ ಮಾರಿ, ಬಂದ ಹಣವನ್ನು ಕುಯ್ದವರಿಗೆ ಕೂಲಿಯ ಮೇಲೆ ಹಂಚಬಹುದು. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಅದಕ್ಕೊಂದು ಪ್ರತ್ಯೇಕ ಪುಟ ಹಾಕಿಸಿ, ಕುಯ್ಲು ಶುರುವಾಗುವ ಮೊದಲೇ ಮೇಸ್ತ್ರಿಯ ಎದುರಿಗೆ ಎಲ್ಲರಿಗೂ ತಿಳಿಸಿಬಿಡಿ.