ಮಳೆಗಾಲದ ಶಿರಸಿಯಲ್ಲಿ ಅಪ್ಪನ ಸಿಪ್ಯಾಪ್: ಕೆಲಸ ಎಲ್ಲಿಗೆ ಬಂತು

ಮೃಗಶಿರ ಮಳೆ

ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರ ಮನೆಗೆ ಬಂತು. ಹುಬ್ಬಳ್ಳಿಯಲ್ಲಿ ಮಾಡಿಸಿದ ನಿದ್ರೆ ಪರೀಕ್ಷೆಯಲ್ಲಿ ಅಪ್ಪನ ಎಎಚ್‌ಐ 38 ಬಂದಿತ್ತು. ಅಂದರೆ ನಿದ್ದೆಯ ಪ್ರತಿ ಗಂಟೆಗೆ ಸರಾಸರಿ 38 ಸಲ ಉಸಿರು ನಿಲ್ಲುತ್ತದೆ, ಇಲ್ಲವೇ ತೀರ ಕುಗ್ಗುತ್ತದೆ. 5ರ ಒಳಗಿದ್ದರೆ ಸಹಜ, 30 ದಾಟಿದರೆ ತೀವ್ರ ಎಂದು ಲೆಕ್ಕ. ಗೊರಕೆ ನಿಂತು, ಆಮೇಲೆ ಮತ್ತೆ ಉಸಿರು ಎಳೆದುಕೊಳ್ಳುವವರೆಗೆ ಆಯಿ ಎಷ್ಟೋ ವರ್ಷ ಎಚ್ಚರವಿದ್ದು ಕಾದಿದ್ದಾಳೆ. ಶಿರಸಿಯ ಸಹಕಾರ ಸಂಘ ಟಿಎಸ್‌ಎಸ್‌ನಲ್ಲಿ ಅಡಿಕೆ ವ್ಯಾಪಾರಕ್ಕೆ ಹೋದಾಗ ಅಪ್ಪ ಕುಳಿತಲ್ಲೇ ತೂಕಡಿಸುವುದಕ್ಕೆ ವಯಸ್ಸು ಕಾರಣ ಎಂದು ಎಲ್ಲರೂ ಅಂದುಕೊಂಡಿದ್ದರು. ವಯಸ್ಸಲ್ಲ, ರಾತ್ರಿಯಿಡೀ ಮೆದುಳು ಉಸಿರಿಗಾಗಿ ಏಳುತ್ತಲೇ ಇತ್ತು.

ಊರಿನಲ್ಲಿ ಮೊದಲು ಹಬ್ಬಿದ ಸುದ್ದಿ, ಅಪ್ಪನಿಗೆ ಆಕ್ಸಿಜನ್ ಹಾಕಿದ್ದಾರೆ ಅಂತ. ಕೊರೊನಾ ಕಾಲದ ಭಯ ಇನ್ನೂ ಹೋಗಿಲ್ಲ. ಇದರಲ್ಲಿ ಆಕ್ಸಿಜನ್ ಇಲ್ಲ. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಸ್ವಲ್ಪ ಒತ್ತಡದಲ್ಲಿ ಮೂಗಿಗೆ ಬಿಡುತ್ತದೆ. ನಿದ್ದೆಯಲ್ಲಿ ಸಡಿಲಾಗಿ ಮುಚ್ಚಿಕೊಳ್ಳುವ ಗಂಟಲು ಆ ಒತ್ತಡಕ್ಕೆ ತೆರೆದೇ ಇರುತ್ತದೆ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಉಪಾಯ ಇದೇ.

ಒತ್ತಡ ಎಷ್ಟು ಎಂದು ಅಪ್ಪನಿಗೆ ಕಾಣಿಸಬೇಕಿತ್ತು. ಹಿತ್ತಿಲ ಪಪ್ಪಾಯಿ ಎಲೆಯ ದಂಟು ಕೊಯ್ದು, ಉಪ್ಪಿನಕಾಯಿಯ ಖಾಲಿ ಬಾಟಲಿಗೆ ನೀರು ತುಂಬಿ, ದಂಟನ್ನು ಹತ್ತು ಸೆಂಟಿಮೀಟರ್ ಆಳಕ್ಕೆ ಇಳಿಸಿ ಊದಲು ಕೊಟ್ಟೆ. ಗುಳ್ಳೆ ಏಳಲು ಎಷ್ಟು ಊದಬೇಕೋ ಅದೇ ಹತ್ತು ಸೆಂಟಿಮೀಟರ್ ನೀರಿನ ಒತ್ತಡ. ವಾತಾವರಣದ ಒತ್ತಡದ ನೂರರಲ್ಲಿ ಒಂದು ಪಾಲು. ಅಪ್ಪ ಎರಡು ಸಲ ಊದಿ, 'ಇಷ್ಟೇಯ?' ಅಂದ. ಅಲ್ಲಿಗೆ ಹೆದರಿಕೆ ಹೋಯಿತು.

ಇದು ಆಟೋ ಯಂತ್ರ. ಡಾಕ್ಟರು 4ರಿಂದ 14 ಸೆಂಟಿಮೀಟರ್ ಒತ್ತಡದ ಮಿತಿ ಹಾಕಿಕೊಟ್ಟಿದ್ದರು, ಆ ಮಿತಿಯೊಳಗೆ ಅದೇ ಏರಿಸಿಕೊಳ್ಳುತ್ತದೆ, ಇಳಿಸಿಕೊಳ್ಳುತ್ತದೆ. ಆದರೆ ಮಲಗಿದ ಸ್ವಲ್ಪ ಹೊತ್ತಿಗೆಲ್ಲ ಅಪ್ಪ, 'ಮಾಣಿ, ಗಾಳಿ ಸಾಲ್ತಿಲ್ಲೆ' ಎಂದು ಮಾಸ್ಕು ಕಿತ್ತಿಡುತ್ತಿದ್ದ. 4 ಎಂಬುದು ಇಂಥ ಯಂತ್ರಗಳ ಕನಿಷ್ಠ ಒತ್ತಡ, ಎಚ್ಚರವಿರುವವರಿಗೆ ಅದರಲ್ಲಿ ಉಸಿರು ಕಟ್ಟಿದಂತಾಗುವುದು ಸಾಮಾನ್ಯ. ಡಾಕ್ಟರಿಗೆ ಫೋನ್ ಮಾಡಿ ತಿಳಿಸಿದೆ. ಅವರು ಕನಿಷ್ಠವನ್ನು 7ಕ್ಕೆ ಏರಿಸಲು ಹೇಳಿದರು. ದೂರು ನಿಂತಿತು. ಒತ್ತಡದ ಅಂಕಿಯನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು, ಕೇಳುವುದನ್ನು ಮಾತ್ರ ತಡಮಾಡಬಾರದು.

ಆರಿದ್ರಾ ಮಳೆ

ಮಳೆ ಹಿಡಿಯಿತು. ಮಾಸ್ಕಿನ ಸೋರಿಕೆಯೂ ಹಿಡಿಯಿತು.

ಯಂತ್ರದ ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಆಸ್ಕರ್ ಎಂಬ ಉಚಿತ ತಂತ್ರಾಂಶದಲ್ಲಿ ರಾತ್ರಿಯ ಗ್ರಾಫಿನ ಗೆರೆಗಳನ್ನು ನೋಡುತ್ತಿದ್ದೇನೆ. ಎಲ್ಲರೂ ಮೊದಲು ಎಎಚ್‌ಐ ನೋಡುತ್ತಾರೆ. ನಾನು ಹೇಳುವುದು, ಮೊದಲು ಸೋರಿಕೆಯ ಗೆರೆ ನೋಡಿ. ಗಾಳಿ ಬದಿಯಿಂದ ಹೋಗುತ್ತಿದ್ದರೆ ಉಳಿದ ಅಂಕಿಗಳನ್ನು ನಂಬುವಂತಿಲ್ಲ. ನಮ್ಮ ಯಂತ್ರದಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ದೊಡ್ಡ ಸೋರಿಕೆ. ಅಪ್ಪನ ಗೆರೆ ನಡುರಾತ್ರಿ ಕಳೆದ ಮೇಲೆ ಅದರ ಮೇಲೆಯೇ ಓಡುತ್ತಿತ್ತು. ಪಟ್ಟಿ ಬಿಗಿ ಮಾಡಿದರೆ ಮೂಗಿನ ಸೇತುವೆ ಕೆಂಪಾಗುತ್ತಿತ್ತೇ ಹೊರತು ಗೆರೆ ಇಳಿಯಲಿಲ್ಲ.

ಒಂದು ರಾತ್ರಿ ಟಾರ್ಚ್ ಹಿಡಿದು ಪಕ್ಕದಲ್ಲೇ ಕುಳಿತೆ. ಗಾಳಿ ಹೋಗುತ್ತಿದ್ದದ್ದು ಬಾಯಿಯ ಎರಡು ಮೂಲೆಯಿಂದ, ಕೆನ್ನೆ ಒಳಗೆ ಕುಸಿದ ಜಾಗದಲ್ಲಿ. ಅಪ್ಪನ ಮೇಲಿನ ಹಲ್ಲಿನ ಸೆಟ್ಟು ಕಿಟಕಿ ಮೇಲಿನ ಲೋಟದಲ್ಲಿ ಇತ್ತು. ಅಂಗಡಿಯಲ್ಲಿ ಮೂಗು ಬಾಯಿ ಎರಡನ್ನೂ ಮುಚ್ಚುವ ಈ ಮಾಸ್ಕಿನ ಅಳತೆ ತೆಗೆದದ್ದು ಹಗಲಿನಲ್ಲಿ, ಕುರ್ಚಿ ಮೇಲೆ ಕೂರಿಸಿ, ಹಲ್ಲು ಹಾಕಿದ್ದಾಗ. ರಾತ್ರಿ ಮಲಗುವ ಮುಖದ ಅಳತೆಯೇ ಬೇರೆ. ಹಲ್ಲು ತೆಗೆದರೆ ಮೂಗಿನಿಂದ ಗಲ್ಲದವರೆಗಿನ ಉದ್ದ ಕಡಿಮೆಯಾಗುತ್ತದೆ, ಮಲಗಿದರೆ ಮಾಂಸ ಹಿಂದಕ್ಕೆ ಸರಿಯುತ್ತದೆ. ಅಂಗಡಿಯವರು ಮೀಡಿಯಂ ಬದಲು ಸ್ಮಾಲ್ ಕೊಟ್ಟರು. ಈ ಸಲ ಹಲ್ಲು ತೆಗೆಸಿ, ಮಲಗಿಸಿ, ಯಂತ್ರ ಚಾಲೂ ಮಾಡಿ, ಗಾಳಿ ಬರುತ್ತಿರುವಾಗಲೇ ಪಟ್ಟಿಗಳನ್ನು ಹೊಂದಿಸಿದೆ. ಮೊದಲು ಕೆಳಗಿನವು, ಆಮೇಲೆ ಮೇಲಿನವು, ಕೊನೆಗೆ ಮಾಸ್ಕನ್ನು ಒಮ್ಮೆ ಮುಖದಿಂದ ಎತ್ತಿ ಬಿಟ್ಟರೆ ಅದರ ಸಿಲಿಕೋನ್ ಅಂಚು ಉಬ್ಬಿ ತಾನೇ ಕೂರುತ್ತದೆ. ಗೆರೆ 24ರ ಕೆಳಗೆ ಬಂದು ಅಲ್ಲೇ ನಿಂತಿದೆ. ಹಲ್ಲಿನ ಸೆಟ್ಟು ಇರುವ ಹಿರಿಯರು ಮನೆಯಲ್ಲಿದ್ದರೆ ಇದನ್ನು ಅಂಗಡಿಯಲ್ಲೇ ಕೇಳಿ ಮಾಡಿಸಿಕೊಳ್ಳಿ.

ಉಳಿದದ್ದು ಸಣ್ಣದು. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಸಿಲಿಕೋನ್ ಜಾರುತ್ತದೆ, ಬೇಗ ಹಾಳೂ ಆಗುತ್ತದೆ. ರಾತ್ರಿ ಊಟದ ಮೇಲಿನ ಕವಳ ಉಗಿದು, ಬಾಯಿ ಮುಕ್ಕಳಿಸಿ, ಸೋಪಿನಲ್ಲಿ ಮುಖ ತೊಳೆದ ಮೇಲೆಯೇ ಮಾಸ್ಕು.

ಪುನರ್ವಸು ಮಳೆ

ಈಗಿನ ಕಷ್ಟ ನೀರಿನದ್ದು. ಯಂತ್ರದ ಬದಿಯಲ್ಲಿ ಒಂದು ನೀರಿನ ಟ್ಯಾಂಕಿದೆ. ನೀರು ಬಿಸಿಯಾಗಿ ಗಾಳಿಗೆ ತೇವ ಸೇರುತ್ತದೆ, ಮೂಗು ಗಂಟಲು ಒಣಗುವುದಿಲ್ಲ. ಒಣ ಊರಿಗೆ ಇದು ವರ. ನಮ್ಮಲ್ಲಿ ಗೋಡೆಯೇ ಬೆವರುವ ಕಾಲ. ಟ್ಯಾಂಕಿನಿಂದ ಬೆಚ್ಚಗೆ ಹೊರಟ ತೇವದ ಗಾಳಿ ತಣ್ಣಗಿನ ಕೋಣೆಯಲ್ಲಿ ಹಾದು ಬರುವಾಗ ಪೈಪಿನೊಳಗೇ ನೀರಾಗುತ್ತದೆ. ಬೆಳಗಿನ ಜಾವ ಪೈಪು ಗುಳುಗುಳು ಅನ್ನತೊಡಗಿ, ಮೂಗಿನ ಮೇಲೆ ನೀರು ಹನಿದು ಅಪ್ಪನಿಗೆ ಎಚ್ಚರ.

ತೇವದ ಮಟ್ಟವನ್ನು ಒಂದೊಂದೇ ಇಳಿಸುತ್ತ ಬಂದು ಈಗ 1ರಲ್ಲಿ ನಿಲ್ಲಿಸಿದ್ದೇನೆ. ಯಂತ್ರವನ್ನು ಮಂಚಕ್ಕಿಂತ ಕೆಳಗೆ, ಗಿಡ್ಡ ಸ್ಟೂಲಿನ ಮೇಲೆ ಇಟ್ಟೆ. ಆಗ ಪೈಪಿನ ನೀರು ಮುಖದ ಕಡೆ ಬಾರದೆ ಟ್ಯಾಂಕಿನತ್ತ ಇಳಿಯುತ್ತದೆ. ಆಯಿ ಹಳೆ ನೂಲಿನ ಸೀರೆಯಿಂದ ಪೈಪಿಗೆ ಉದ್ದಕ್ಕೂ ಒಂದು ಚೀಲ ಹೊಲಿದಿದ್ದಾಳೆ, ಎರಡು ಪದರ, ಮಾಸ್ಕಿನ ಕಡೆ ಲಾಡಿ. ಪೈಪಿನ ಅರ್ಧ ಭಾಗ ಕಂಬಳಿಯೊಳಗೆ. ಮಾಸ್ಕಿನಲ್ಲಿ ಉಸಿರು ಹೊರಬಿಡುವ ತೂತುಗಳಿವೆ, ಅವನ್ನು ಬಟ್ಟೆಯಾಗಲಿ ಕಂಬಳಿಯಾಗಲಿ ಮುಚ್ಚಬಾರದು. ಗುಳುಗುಳು ನಿಂತಿದೆ.

ಟ್ಯಾಂಕಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರಿನ ಖನಿಜ ತಳದಲ್ಲಿ ಬಿಳಿ ಪರೆ ಕಟ್ಟುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರಿನ ಕ್ಯಾನು ಹೇಗೂ ಮನೆಯಲ್ಲಿದೆಯಲ್ಲ ಎಂದು ಅಪ್ಪ ತೋರಿಸಿದ. ಅದನ್ನು ಉಸಿರಾಡಲು ಅಂತ ತಯಾರಿಸಿಲ್ಲ, ಬೇಡ ಅಂದೆ. ಹೆಂಚಿನಿಂದ ಇಳಿದ ಮಳೆನೀರೂ ಬೇಡ. ಬೆಳಿಗ್ಗೆ ಉಳಿದ ನೀರು ಚೆಲ್ಲಿ, ಟ್ಯಾಂಕು ತೊಳೆದು ಒರೆಸಿಡುವುದು ಒಂದು ದಿನವೂ ತಪ್ಪಬಾರದು, ಈ ಹವೆಯಲ್ಲಿ ಬೂಷ್ಟು ಬರಲು ತಡವಿಲ್ಲ. ತೊಳೆದ ಪೈಪು ಹೊರಗೆ ನೇತುಹಾಕಿದರೆ ಸಂಜೆವರೆಗೂ ಒಣಗದು. ಬಿಸಿ ಬಂದ್ ಮಾಡಿ, ಖಾಲಿ ಟ್ಯಾಂಕಿನಲ್ಲೇ ಯಂತ್ರ ಸ್ವಲ್ಪ ಹೊತ್ತು ಓಡಿಸಿದರೆ ಅದರದ್ದೇ ಗಾಳಿಗೆ ಪೈಪು ಒಣಗುತ್ತದೆ.

ಬಿಳಿ ಫಿಲ್ಟರ್ ತೆಗೆದು ನೋಡಿದರೆ ಕಂದು ಬಣ್ಣ. ಬಚ್ಚಲ ಒಲೆಯ ಹೊಗೆ ಆ ಕೋಣೆಗೆ ನುಗ್ಗುತ್ತದೆ. ಹೊಸದು ಹಾಕಿದೆ. ಸೊಳ್ಳೆ ಬತ್ತಿ ಆ ಕೋಣೆಯಲ್ಲಿ ಬಂದ್, ಈಗ ಸೊಳ್ಳೆ ಪರದೆ.

ಪುಷ್ಯ ಮಳೆ

ಮರ ಬಿದ್ದು ಲೈನು ಹೋಯಿತು, ರಾತ್ರಿಯಿಡೀ ಕರೆಂಟಿಲ್ಲ. ಇದಕ್ಕೆ ತಯಾರಿ ಮೊದಲೇ ಮಾಡಿದ್ದೆ. ಹಳೆ ಇನ್ವರ್ಟರ್ ಸ್ಕ್ವೇರ್ ವೇವ್, ಅದನ್ನು ಬದಲಿಸಿ, ಲೈನಿನ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ತಂದಿದ್ದೆವು. ಯಂತ್ರಕ್ಕೆ ಬೇಕಾದ ಕರೆಂಟಿನಲ್ಲಿ ಹೆಚ್ಚಿನ ಪಾಲು ನೀರು ಬಿಸಿ ಮಾಡಲಿಕ್ಕೇ ಹೋಗುತ್ತದೆ, ಗಾಳಿ ಊದುವ ಮೋಟಾರಿಗೆ ಬೇಕಾಗುವುದು ಕಡಿಮೆ. ಬಿಸಿ ಬಂದ್ ಮಾಡಿದ್ದರಿಂದ 150 ಆ್ಯಂಪಿಯರ್ ಅವರ್ ಬ್ಯಾಟರಿ ಬೆಳಗಿನವರೆಗೆ ನಿರಾಯಾಸ ಬಂತು. ಬ್ಯಾಟರಿಯೂ ಮುಗಿದರೆ ಏನು ಎಂದು ಆಯಿ ಕೇಳಿದಳು. ಅಪ್ಪನ ಮಾಸ್ಕಿನಲ್ಲಿ ಒಂದು ಕವಾಟವಿದೆ, ಗಾಳಿ ನಿಂತ ಕೂಡಲೇ ಅದು ತೆರೆದು ಹೊರಗಿನ ಗಾಳಿ ಸಿಗುತ್ತದೆ. ಯಂತ್ರ ಆರಿಸಿ ಅದನ್ನು ಅವಳ ಕೈಯಲ್ಲೇ ಮುಟ್ಟಿಸಿ ತೋರಿಸಿದೆ.

ಈ ವಾರದ ಎಎಚ್‌ಐ 3ರ ಆಸುಪಾಸು. ಅಪ್ಪ ಮಧ್ಯಾಹ್ನ ಊಟವಾದ ಮೇಲೆ ಮಲಗದೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ತೋಟಕ್ಕೆ ಹೋಗುತ್ತಿದ್ದಾನೆ. ಆಯಿಗೆ ಇನ್ನೂ ನಡುರಾತ್ರಿ ಎಚ್ಚರವಾಗುತ್ತದೆ, ಸದ್ದಿಲ್ಲವೆಂದು ಗಾಬರಿಯಾಗಿ ಅಪ್ಪನ ಎದೆ ಮೇಲೆ ಕೈಯಿಟ್ಟು ನೋಡುತ್ತಾಳಂತೆ. ಅವಳ ನಿದ್ದೆ ಸರಿಹೋಗಲು ಇನ್ನೂ ಸಮಯ ಬೇಕು.

ಮುಂದಿನ ಕೆಲಸ: ಕಾರ್ಡಿನ ವರದಿ ಡಾಕ್ಟರಿಗೆ ಕಳಿಸುವುದು, ಒಂದು ಹೆಚ್ಚುವರಿ ಮಾಸ್ಕ್ ಕುಶನ್ ತರಿಸುವುದು. ಚಳಿಗಾಲದಲ್ಲಿ ಹವೆ ಒಣಗಿದಾಗ ತೇವದ ಮಟ್ಟ ಮತ್ತೆ ಏರಿಸಬೇಕಾಗುತ್ತದೆ, ಆಗ ತಾನೇ ಬಿಸಿಯಾಗುವ ಪೈಪು ಬೇಕೋ, ಆಯಿಯ ಸೀರೆ ಚೀಲವೇ ಸಾಕೋ ನೋಡಿ ಬರೆಯುತ್ತೇನೆ.