ಅಪಾರ್ಟ್‌ಮೆಂಟಿನಲ್ಲಿ ಕಿಮ್‌ಜಾಂಗ್

22 ನವೆಂಬರ್ 2025, ಶನಿವಾರ
ಸುವಾನ್, ದಕ್ಷಿಣ ಕೊರಿಯಾ

ಗ್ಲೌಸ್ ಹಾಕಿಕೊಂಡಿದ್ದರೂ ಕೈಯೆಲ್ಲ ಬೆಳ್ಳುಳ್ಳಿ ವಾಸನೆ. ಇವತ್ತು ಕೆಳಗಿನ ಮನೆಯ ಹಲ್ಮೊನಿ, ಅಂದರೆ ಅಜ್ಜಿ, ಕಿಮ್‌ಜಾಂಗ್‌ಗೆ ಕರೆದಿದ್ದರು. ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿಯನ್ನು, ಅಂದರೆ ಕೋಸಿನ ಖಾರದ ಉಪ್ಪಿನಕಾಯಿಯನ್ನು, ಒಂದೇ ಸಲ ಹಾಕಿಡುವ ಕೆಲಸ. ಮಗಳು, ಸೊಸೆ, ಮೊಮ್ಮಗಳು ಎಲ್ಲ ಸೇರಿದ್ದರು. ಹೀಗೆ ಕೂಡಿ ಮಾಡಿ ಹಂಚಿಕೊಳ್ಳುವ ಪದ್ಧತಿ 2013ರಲ್ಲೇ ಯುನೆಸ್ಕೊ ಪಟ್ಟಿ ಸೇರಿದೆ. ಮನೆಯಲ್ಲಿ ಯಾರಿಗೂ ಅದರ ಯೋಚನೆ ಇರಲಿಲ್ಲ, ಉಪ್ಪು ಸಾಕಾ, ಖಾರ ಜಾಸ್ತಿ ಆಯ್ತಾ ಅನ್ನುವುದೇ ಚರ್ಚೆ.

ಮೊದಲೆಲ್ಲ ಹಿಂದಿನ ದಿನವೇ ಕೋಸು ಸೀಳಿ, ರಾತ್ರಿಯಿಡೀ ಉಪ್ಪಲ್ಲಿಟ್ಟು, ಬೆಳಿಗ್ಗೆ ತಣ್ಣೀರಲ್ಲಿ ತೊಳೆದು ಬಸಿಯಬೇಕಿತ್ತು. ಸೊಂಟ ಬಿದ್ದುಹೋಗುವ ಕೆಲಸ ಅದೇ. ಈಗ ದಕ್ಷಿಣದ ಹೇನಾಮ್ ಕಡೆಯಿಂದ ಉಪ್ಪು ಹಾಕಿ ತೊಳೆದ ಕೋಸೇ 20 ಕಿಲೋ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಹಾಲ್‌ನಲ್ಲಿ ಅಂಚು ಎತ್ತರಿಸಿದ ಪ್ಲಾಸ್ಟಿಕ್ ಹಾಸು ಹಾಸಿದರು. ಇದಕ್ಕೆಂದೇ ಮಾರುವ ಹಾಸಂತೆ. ಅದರ ಮೇಲೇ ಮೂಲಂಗಿ, ಈರುಳ್ಳಿ ಸೊಪ್ಪು, ಮೆಣಸಿನಪುಡಿ, ಶುಂಠಿ, ಬೆಳ್ಳುಳ್ಳಿ, ಅಕ್ಕಿ ಗಂಜಿ ಎಲ್ಲ ಸುರಿದು ಮೊಣಕೈವರೆಗಿನ ಗ್ಲೌಸ್‌ನಲ್ಲಿ ಕಲಸಿದರು. ಮುಗಿದ ಮೇಲೆ ಬಚ್ಚಲಲ್ಲಿ ತೊಳೆದು ಮಡಚಿಟ್ಟರೆ ಆಯ್ತು.

ಮಸಾಲೆ ತುಂಬುವುದಕ್ಕೆ ಅವಸರ ನಡೆಯುವುದಿಲ್ಲ. ಒಂದೊಂದೇ ಎಲೆ ಎತ್ತಿ, ದಪ್ಪ ಬಿಳಿ ಬುಡಕ್ಕೆ ಜಾಸ್ತಿ, ತುದಿಗೆ ಸುಮ್ನೆ ಸವರಿದಷ್ಟು. ಕೊನೆಗೆ ಹೊರಗಿನ ಎಲೆಯಿಂದ ಇಡೀ ಕೋಸನ್ನು ಬಿಗಿಯಾಗಿ ಸುತ್ತಿ, ಗಾಳಿ ಉಳಿಯದ ಹಾಗೆ ಡಬ್ಬದಲ್ಲಿ ಒತ್ತಬೇಕು. ನಾನು ತುದಿಗೂ ಮೆತ್ತುತ್ತಿದ್ದೆ. ಹಲ್ಮೊನಿ ಮಾತಾಡದೆ ನನ್ನ ಕೈಯಿಂದ ಮಸಾಲೆ ವಾಪಸ್ ತೆಗೆದುಕೊಂಡರು! ಇಲ್ಲಿಯ ಕಿಮ್ಚಿಗೆ ಉಪ್ಪಲ್ಲಿ ಹಾಕಿದ ಸೀಗಡಿ ಸಾಮಾನ್ಯ. ನಮಗೆ ಅದು ನಡೆಯಲ್ಲ ಅಂತ ಗೊತ್ತಿದ್ದರಿಂದ ಒಂದು ಪಾಲು ಬೇರೆ ತೆಗೆದಿಟ್ಟು ಸೋಯಾ ಸಾಸ್ ಹಾಕಿಕೊಟ್ಟರು.

ನನಗೆ ತುಂಬ ಇಷ್ಟವಾದದ್ದು ಅವರ ಕಿಮ್ಚಿ ಫ್ರಿಜ್. ನಗಬೇಡಿ. ಹಳ್ಳಿ ಮನೆಯಲ್ಲಿ ಕಿಮ್ಚಿಯ ಮಣ್ಣಿನ ಜಾಡಿಯನ್ನು ಹಿತ್ತಲಲ್ಲಿ ಹೂಳುತ್ತಿದ್ದರು. ಹೊರಗೆ ಎಷ್ಟೇ ಹಿಮ ಬಿದ್ದರೂ ನೆಲದೊಳಗೆ ಸೊನ್ನೆ ಡಿಗ್ರಿಯ ಆಸುಪಾಸು, ಏರಿಳಿತ ಕಡಿಮೆ. ಕಿಮ್ಚಿ ಹೆಪ್ಪುಗಟ್ಟುವುದೂ ಇಲ್ಲ, ಬೇಗ ಹುಳಿಯಾಗುವುದೂ ಇಲ್ಲ. ಜನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಹೂಳುವುದೆಲ್ಲಿ? ಮಾಮೂಲಿ ಫ್ರಿಜ್ ಬಾಗಿಲು ತೆಗೆದಾಗಲೆಲ್ಲ ತಂಪು ಹೊರಗೆ ಹೋಗುತ್ತದೆ. 1995ರಲ್ಲಿ ಬಂದ ದಿಮ್ಚೆ ಎಂಬ ಫ್ರಿಜ್ ಮನೆಮನೆಗೂ ತಲುಪಿತು. ಪೆಟ್ಟಿಗೆಯ ಹಾಗೆ ಮೇಲಿನಿಂದ ತೆಗೆಯುವ ಮುಚ್ಚಳ. ತಣ್ಣನೆ ಗಾಳಿ ಭಾರ, ಅದು ತಳದಲ್ಲೇ ಕೂತಿರುತ್ತದೆ. ಒಳಗಿನ ಗೋಡೆಗಳೇ ತಣ್ಣಗಾಗುತ್ತವೆ. ನೋಡಲು ಜಾಡಿಯ ಚಹರೆಯೇ ಇಲ್ಲ, ಮಾಡುವ ಕೆಲಸ ಮಾತ್ರ ಹೂತಿಟ್ಟ ಜಾಡಿಯದೇ.

ಇದಕ್ಕೆ ಪೂರ್ತಿ ಉಲ್ಟಾ ಅನ್ನಿಸಿದ್ದು ಸೋಲ್‌ನ ಗ್ಯೊಂಗ್‌ಬೊಕ್‌ಗುಂಗ್ ಅರಮನೆ ಮುಂದೆ ಬಾಡಿಗೆಗೆ ಸಿಗುವ ಕೊರಿಯಾದ ಸಾಂಪ್ರದಾಯಿಕ ಉಡುಗೆ ಹಾನ್‌ಬೊಕ್. ಹಾನ್‌ಬೊಕ್ ಹಾಕಿದರೆ ಅರಮನೆಗೆ ಟಿಕೆಟ್ ಇಲ್ಲ, ಹಾಗಾಗಿ ಬೀದಿ ತುಂಬ ಬಾಡಿಗೆ ಅಂಗಡಿಗಳು. ಎಷ್ಟೋ ಲಂಗಗಳೊಳಗೆ ತಂತಿಯ ಬಳೆ, ಮೇಲೆಲ್ಲ ಮಿರಿಮಿರಿ ಜರಿ. 2018ರಲ್ಲಿ ಅರಮನೆ ಇರುವ ಜೋಂಗ್ನೊ ಜಿಲ್ಲೆಯ ಆಡಳಿತವೇ ಇಂಥದ್ದಕ್ಕೂ ಉಚಿತ ಪ್ರವೇಶ ಯಾಕೆ ಎಂದು ತಕರಾರು ಎತ್ತಿತ್ತು. ನಾನೂ ಅದನ್ನೇ ಹಾಕಿಕೊಂಡು ಫೋಟೊ ತೆಗೆಸಿಕೊಂಡವಳೇ, ಚೆನ್ನಾಗೇ ಬಂದಿದೆ ಬಿಡಿ. ಆದರೆ ಹಳೆಯ ಚಹರೆಯಷ್ಟೇ, ಅದರಲ್ಲಿ ಬಸ್ ಹತ್ತೋಕಾಗಲ್ಲ.

ಇವತ್ತು ಮೊಮ್ಮಗಳು ಹಾಕಿದ್ದೂ ಹಾನ್‌ಬೊಕ್ಕೇ. ಜೊಗೊರಿ, ಅಂದರೆ ಎದೆ ಮೇಲೆ ಅಡ್ಡ ಬರುವ ಮೇಲಂಗಿ, ಹತ್ತಿಯದು. ಎದೆಯಲ್ಲಿ ಕಟ್ಟುವ ಉದ್ದ ಲಾಡಿಯ ಜಾಗದಲ್ಲಿ ಟಿಚ್ ಬಟನ್. ಎದೆ ಮಟ್ಟದಿಂದ ಇಳಿಯಬೇಕಾದ ಚಿಮಾ ಸೊಂಟದ ಲಂಗವಾಗಿದೆ, ಅದಕ್ಕೊಂದು ಜೇಬು! ವಾಷಿಂಗ್ ಮೆಷಿನ್‌ಗೆ ಹಾಕಬಹುದಂತೆ. ತೋಳು ಮಡಚಿ ಕೋಸಿನ ಮುಂದೆ ಕೂತಳು, ಮೆಣಸಿನ ಕಲೆಯಾದರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅವರ ಕಿಟಕಿಗೆ ಪರದೆಯ ಬದಲು ಜೊಗಾಕ್ಬೊ ಇದೆ. ಬಟ್ಟೆ ಹೊಲಿದು ಉಳಿದ ತುಂಡುಗಳನ್ನು ಸೇರಿಸಿದ್ದು. ನಮ್ಮ ಉತ್ತರ ಕರ್ನಾಟಕದ ಕೌದಿ ನೆನಪಾಯಿತು, ಆದರೆ ಕೌದಿ ಪದರದ ಮೇಲೆ ಪದರ, ಬೆಚ್ಚಗೆ ಹೊದೆಯಲಿಕ್ಕೆ. ಇದು ಒಂದೇ ಪದರ, ಮೊಶಿ ಎಂಬ ತೆಳ್ಳನೆ ನಾರುಬಟ್ಟೆ. ಅಂಚುಗಳನ್ನು ಒಂದರೊಳಗೊಂದು ಮಡಚಿ ಹೊಲಿದಿದ್ದರಿಂದ ಯಾವುದು ಹಿಂದು, ಯಾವುದು ಮುಂದು ಗೊತ್ತಾಗಲ್ಲ. ಹಿಂದೆ ಇದರಲ್ಲಿ ಊಟದ ತಟ್ಟೆ ಮುಚ್ಚುತ್ತಿದ್ದರು, ಗಂಟು ಕಟ್ಟುತ್ತಿದ್ದರು.

ನನ್ನ ಪಾಲಿನ ಡಬ್ಬವನ್ನೂ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿಯೇ ಕೊಟ್ಟರು. ಒಂದು ದಿನ ಹೊರಗಿಟ್ಟು ಆಮೇಲೆ ಫ್ರಿಜ್‌ಗೆ ಹಾಕಬೇಕಂತೆ. ಹಾಲಿನ ಪಕ್ಕ ಇಡಬೇಡ ಅಂತ ಮನೆಯವರು ಆಗಲೇ ಶುರು ಮಾಡಿದ್ದಾರೆ. ಡಬ್ಬ ವಾಪಸ್ ಕೊಡುವಾಗ ಖಾಲಿ ಕೊಡೋಕಾಗಲ್ಲ ಅಲ್ವಾ? ನಾಳೆ ಕೋಡುಬಳೆ ಕರಿಯಬೇಕು. ಇಲ್ಲಿ ಅಕ್ಕಿ ಹಿಟ್ಟು ಸಿಗುತ್ತದೆ, ಓಮ ಮಾತ್ರ ಊರಿಂದ ತಂದದ್ದು ಒಂದು ಹಿಡಿ ಉಳಿದಿದೆ.